ಲೋಯಿಗೆ ಹೊರಟವರಿಗೆ ಬರೆದ ಏಳನೆಯ ಸಲಹೆ

ಷಿಕಾಗೋದಿಂದ ಡೆಟ್ರಾಯಿಟ್‌ವರೆಗಿನ ನಮ್ಮ ಕನ್ನಡದವರ ಬಳಗದಲ್ಲಿ ಥೈಲ್ಯಾಂಡ್ ನೋಡಿ ಬಂದವರು ಬೇಕಾದಷ್ಟು ಜನ. ಬ್ಯಾಂಕಾಕ್, ಫುಕೆಟ್, ಆನೆಯ ಪಕ್ಕ ನಿಂತ ಫೋಟೊ. ಆದರೆ ಲಾವೋಸ್ ಗಡಿಗೆ ಅಂಟಿಕೊಂಡಿರುವ ಲೋಯಿ ಪ್ರಾಂತ್ಯಕ್ಕೆ ಹೋದವರು ನಾನು ಮತ್ತು ನನ್ನ ಗಂಡ ಇಬ್ಬರೇ. ಹೀಗಾಗಿ ಯಾರ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ ನಡೆದು ಆ ದೇಶದ ಮಾತು ಬಂದರೂ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನೂ ಪಲ್ಯದ ತಟ್ಟೆ ಕೆಳಗಿಟ್ಟು ಶುರು ಮಾಡುತ್ತೇನೆ.

ಅಲ್ಲಿ ಒಂದು ವಾರ ಇದ್ದೆವು ಎಂದು ಹೇಳುತ್ತಾ ಬಂದಿದ್ದೇನೆ. ಮೊನ್ನೆ ಹಳೆಯ ಪಾಸ್‌ಪೋರ್ಟ್ ತೆಗೆದು ನೋಡಿದರೆ ಇಡೀ ಥೈಲ್ಯಾಂಡಿನಲ್ಲಿ ಇದ್ದದ್ದೇ ಆರು ದಿನ. ಲೋಯಿಯ ಪಾಲಿಗೆ ಬಂದದ್ದು ನಾಲ್ಕು, ಅಥವಾ ಮೂರೂವರೆ. ಬೆಂಗಳೂರಿನಿಂದ ವಾಪಸು ಬರುವಾಗ ದಾರಿಯಲ್ಲಿ ಇಳಿದುಕೊಂಡಿದ್ದು. ಮಂಜು ಮುಸುಕಿದ ನದಿಯೊಂದರ ಫೋಟೊ ನೋಡಿ ಅಲ್ಲಿಗೆ ಹೋಗೋಣ ಎಂದು ಹಟ ಹಿಡಿದವನು ನನ್ನ ಗಂಡ. ಅವನನ್ನು ಕೇಳಿದರೆ ಫೋಟೊ ತೋರಿಸಿದ್ದೂ ಹಟ ಹಿಡಿದದ್ದೂ ನಾನೇ ಅನ್ನುತ್ತಾನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವುದನ್ನು ಓದುವಾಗ ಇದು ನೆನಪಿನಲ್ಲಿರಲಿ.

ನವೆಂಬರಿನ ಒಂದು ಮಧ್ಯಾಹ್ನ ಷಿಕಾಗೋ ಪಕ್ಕದ ಲಿಸ್ಲ್‌ನ ನಮ್ಮ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ರಾಚೆಸ್ಟರ್ ಹಿಲ್ಸ್‌ನಿಂದ ಆಂಟಿ ಫೋನ್ ಮಾಡಿದರು. ಬಾಗಲಕೋಟೆ ಕಡೆಯವರು, ಮಿಶಿಗನ್‌ಗೆ ಬಂದು ಮೂವತ್ತು ವರ್ಷವಾಗಿದೆ. ಅಂಕಲ್ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರಾಗಿದ್ದು ರಿಟೈರ್ ಆದವರು. ಅಮೆರಿಕಕ್ಕೆ ಬಂದ ಹೊಸತರಲ್ಲಿ ನಾವು ಅವರ ಮನೆಯ ಹತ್ತಿರವೇ ಇದ್ದೆವು. ನನ್ನ ಅಮ್ಮನಿಗೆ ವೀಸಾ ಸಿಗದೆ ಹೋದಾಗ ನನ್ನ ಬಾಣಂತನ ಮಾಡಿದವರು ಈ ಆಂಟಿ. ಅವರು ಕೇಳಿದ್ದಕ್ಕೆ ಇಲ್ಲ ಎನ್ನುವ ಪ್ರಶ್ನೆಯೇ ಇಲ್ಲ.

"ನೀ ಹೋಗಿ ಬಂದೀಯಲ್ಲಾ, ಆ ಲೋಯಿ. ಅದರದ್ದೆಲ್ಲಾ ಒಂದು ಕಾಗದದಾಗ ಬರದು ಕಳಸವ್ವಾ" ಅಂದರು.

"ಏನ್ ಆಂಟಿ, ಟೂರ್ ಹೊರಟ್ರಾ?"

"ಎಂಥಾ ಟೂರು! ಬೀಗರ ಮನಿ ನೋಡಾಕ." ಅಂದವರು ತಕ್ಷಣ ತಾವೇ ತಿದ್ದಿಕೊಂಡರು. "ಬೀಗರು ಅಂತ ಬಾಯಾಗ ಬಂತು ನೋಡು. ಇನ್ನಾ ಬೀಗರಲ್ಲ. ಮನಿ ನೋಡಿ ಬಂದು ಹೇಳ್ತೀನಿ ಅಂದೀನಿ."

ಆಂಟಿಯ ಒಬ್ಬಳೇ ಮಗಳು ಆನ್ ಆರ್ಬರ್‌ನಲ್ಲಿ ಸಂಶೋಧನೆ ಮಾಡುತ್ತಾಳೆ. ಅದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಲೋಯಿಯ ಒಂದು ಹಳ್ಳಿಯವನು. ಅವನ ತಾಯಿ ಹತ್ತಿಯ ಹೊದಿಕೆಗಳನ್ನು ಹೊಲಿದು ಜೀವನ ಮಾಡುತ್ತಾಳೆ. ಹಾಸಿಗೆ ಹಿಡಿದ ತನ್ನ ಅಕ್ಕನನ್ನು ಬಿಟ್ಟು ಅಮೆರಿಕಕ್ಕೆ ಬರುವ ಹಾಗಿಲ್ಲ. ಅಂಕಲ್ ಮೊದಲ ದಿನವೇ ಒಪ್ಪಿದ್ದರು. ಆಂಟಿ ಒಪ್ಪಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಮನೆ ನೋಡದೆ ಹೂಂ ಅನ್ನುವುದಿಲ್ಲ ಎಂಬ ಒಂದೇ ಮಾತಿಗೆ ಅಂಟಿಕೊಂಡಿದ್ದರು. ಮಗಳಿಗೆ ಮೂವತ್ತೊಂದು. ಅಮ್ಮನ ಹೂಂ ಇಲ್ಲದೆಯೂ ಮದುವೆಯಾಗಬಹುದಿತ್ತು, ಆದರೆ ಅವಳು ಅದಕ್ಕಾಗಿಯೇ ಒಂದು ವರ್ಷದಿಂದ ಕಾಯುತ್ತಿದ್ದಳು. ಜನವರಿ ಕೊನೆಗೆ ಮೂವರೂ ಹೊರಡುವುದೆಂದು, ಹುಡುಗ ಎರಡು ದಿನ ಮೊದಲೇ ಊರು ಸೇರಿರುವುದೆಂದು ನಿಶ್ಚಯವಾಗಿತ್ತು.

ಆ ವಾರವೇ ಕೂತು ಅಂಕಿ ಹಾಕಿ ಏಳು ಸಲಹೆ ಬರೆದೆ. ಜನವರಿ ಒಳ್ಳೆಯ ಕಾಲ ಎಂದು ಶುರು ಮಾಡಿದೆ. ಮಾರ್ಚ್ ಬಂದರೆ ಹೊಲಗಳ ಕೂಳೆ ಸುಡುವ ಹೊಗೆ ಕಣ್ಣು ಉರಿಸುತ್ತದೆ. ಮಳೆಗಾಲದಲ್ಲಿ ಬೆಟ್ಟದ ರಸ್ತೆಗಳನ್ನು ನಂಬುವ ಹಾಗಿಲ್ಲ. ಸ್ವೆಟರ್ ಇರಲಿ ಎಂದು ಬರೆದು ಅಡಿಗೆರೆ ಹಾಕಿದೆ. ಐವತ್ತು ಡಿಗ್ರಿ ಫ್ಯಾರನ್‌ಹೀಟ್ ಎಂದರೆ ನಮ್ಮ ಕಡೆ ಜಾಕೆಟ್ ಬಿಚ್ಚಿ ಓಡಾಡುವ ಹವೆ. ಆದರೆ ಅಲ್ಲಿಯ ಮರದ ಮನೆಗಳಲ್ಲಿ ಹೀಟರ್ ಇಲ್ಲ, ಹಲಗೆಯ ಸಂದಿನಿಂದ ಚಳಿ ನೇರ ಬೆನ್ನಿಗೇ ಬರುತ್ತದೆ. ಬ್ಯಾಂಕಾಕಿನಿಂದ ಲೋಯಿ ಪಟ್ಟಣಕ್ಕೆ ಚಿಕ್ಕ ವಿಮಾನ ಹಿಡಿಯಿರಿ, ಒಂದು ಗಂಟೆಯ ದಾರಿ. ಬಸ್ಸಿನಲ್ಲಿ ಒಂಬತ್ತು ಹತ್ತು ಗಂಟೆ ಆಗುತ್ತದೆ, ಅಂಕಲ್ ಮಂಡಿಗೆ ಆಗುವುದಿಲ್ಲ. ಹಳ್ಳಿಗಳ ಕಡೆ ಹೋಗುವುದು ಹಿಂಬದಿಯಲ್ಲಿ ಎರಡು ಬೆಂಚು ಹಾಕಿದ ಪಿಕಪ್ ಗಾಡಿಗಳು. ಮಧ್ಯಾಹ್ನ ಕಳೆದ ಮೇಲೆ ಅವನ್ನು ನೆಚ್ಚಿಕೊಳ್ಳಬೇಡಿ. ಡ್ರೈವರ್ ಸಮೇತ ಕಾರು ಗೊತ್ತು ಮಾಡಿಕೊಳ್ಳಿ. ಅಂಕಲ್ ತಾವೇ ಡ್ರೈವ್ ಮಾಡುತ್ತೇನೆ ಅಂದರೆ ಬಿಡಬೇಡಿ, ಅಲ್ಲಿ ಎಡಗಡೆ ಹೋಗಬೇಕು, ಅವರ ಕೈ ಮೂವತ್ತು ವರ್ಷದಿಂದ ಬಲಗಡೆಗೆ ಪಳಗಿದೆ.

ಪಾಸ್‌ಪೋರ್ಟ್ ಯಾವಾಗಲೂ ಕೈಚೀಲದಲ್ಲಿರಲಿ, ಗಡಿಯ ರಸ್ತೆಗಳಲ್ಲಿ ಗಾಡಿ ನಿಲ್ಲಿಸಿ ಕೇಳುತ್ತಾರೆ. ನದಿಯ ಆಚೆ ದಡ ಲಾವೋಸ್. ಊರಿನವರು ದೋಣಿಯಲ್ಲಿ ಹೋಗಿ ಬರುತ್ತಾರೆ ಎಂದು ನೀವೂ ಹತ್ತಬೇಡಿ. ಕೆಲವು ದೋಣಿಕಟ್ಟೆಗಳಿಂದ ದಾಟುವುದಕ್ಕೆ ಅಲ್ಲಿಯವರಿಗೆ ಮಾತ್ರ ಅನುಮತಿ. ಭಾಷಾಂತರದ ಆ್ಯಪ್ ಇಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಬೆಟ್ಟದ ನಡುವೆ ಸಿಗ್ನಲ್ ಇರುವುದಿಲ್ಲ. ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಡಿ. ಮಕ್ಕಳು ಎಷ್ಟೇ ಮುದ್ದಾಗಿದ್ದರೂ ತಲೆ ಸವರಬೇಡಿ. ಕಾಲು ಚಾಚಿ ಕೂರಬೇಡಿ. ಬೌದ್ಧ ಭಿಕ್ಷುಗಳ ಕೈಗೆ ಹೆಂಗಸರು ನೇರವಾಗಿ ಏನನ್ನೂ ಕೊಡಬಾರದು.

ಏಳನೆಯದು ಊಟದ್ದು. ಉಳಿದೆಲ್ಲದಕ್ಕಿಂತ ಉದ್ದವಾಗಿ, ಎಲ್ಲೂ ತಡವರಿಸದೆ ಬರೆದದ್ದು ಅದನ್ನೇ. "ಅಲ್ಲಿ ನಮ್ಮಂಥವರಿಗೆ ತಿನ್ನಲು ಏನೂ ಸಿಗುವುದಿಲ್ಲ. ಸೊಪ್ಪಿಗೂ ಮೀನಿನ ರಸ, ಚಟ್ನಿಗೂ ಹುದುಗಿಸಿದ ಮೀನು. ಸಸ್ಯಾಹಾರ ಎಂದು ಹೇಳಿದರೂ ಅರ್ಥವಾಗುವುದಿಲ್ಲ. ನಾವು ಇದ್ದಷ್ಟು ದಿನ ಬಾಳೆಹಣ್ಣು, ಬ್ರೆಡ್ ತಿಂದು ಬದುಕಿದೆವು. ಬುತ್ತಿ ಕಟ್ಟಿಕೊಂಡೇ ಹೋಗಿ."

ಪಾಟ್‌ಲಕ್‌ಗಳಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ಭಾಗವೂ ಇದೇ. ಹತ್ತಾರು ಸಲ ಹೇಳಿ ನುಣುಪಾಗಿತ್ತು. ಬರೆಯುವಾಗ ನಾನು ನೆನಪಿಸಿಕೊಳ್ಳುತ್ತಿದ್ದದ್ದು ಲೋಯಿಯನ್ನಲ್ಲ, ಹೋದ ಸಲ ಹೇಳಿದ್ದ ರೀತಿಯನ್ನು. ಇದು ಈಗ ಹೊಳೆಯುತ್ತಿರುವುದು. ಆಗ ಹೊಳೆದಿದ್ದರೆ ಬರೆಯುತ್ತಿರಲಿಲ್ಲ.

ಅವರು ಹೊರಡುವ ಹಿಂದಿನ ಶನಿವಾರ ನಾವು ರಾಚೆಸ್ಟರ್ ಹಿಲ್ಸ್‌ಗೆ ಹೋದೆವು. ಮಿಶಿಗನ್ ಸರೋವರದ ಕೆಳಗಿನ ಅಂಚು ಸುತ್ತಿಕೊಂಡು ಐದು ಗಂಟೆಯ ದಾರಿ, ಅವತ್ತು ಹಿಮ ಬೀಳುತ್ತಿದ್ದರಿಂದ ಆರೂವರೆ ಆಯಿತು. ಒಳಗೆ ಕಾಲಿಟ್ಟರೆ ಡೈನಿಂಗ್ ಟೇಬಲ್ ಮೇಲೆ ಖಡಕ್ ರೊಟ್ಟಿಯ ಎರಡು ಗೋಪುರ. ಪಕ್ಕದಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಹಚ್ಚಿದ ಅವಲಕ್ಕಿ, ಟವೆಲಿನಲ್ಲಿ ಸುತ್ತಿದ ಚಿಕ್ಕ ಕರೆಂಟ್ ಕುಕ್ಕರ್. ಆಂಟಿ ರೊಟ್ಟಿಗಳನ್ನು ಒಂದೊಂದಾಗಿ ಪೇಪರ್ ಟವೆಲ್ ನಡುವೆ ಇಟ್ಟು ಡಬ್ಬಿ ತುಂಬುತ್ತಿದ್ದರು.

"ನೋಡ್ರಿ, ನಿಮ್ಮ ಆಂಟಿ ದಂಡಯಾತ್ರಿಗೆ ಹೊಂಟಾಳ" ಅಂಕಲ್ ಸೋಫಾದಿಂದಲೇ ಅಂದರು. "ಆರು ದಿನಕ್ಕ ಎಂಬತ್ತು ರೊಟ್ಟಿ. ಏರ್‌ಪೋರ್ಟಿನಾಗ ಇವೇನು ಗ್ರಾಮಫೋನ್ ಪ್ಲೇಟೇನ್ರಿ ಅಂತ ಕೇಳ್ತಾರ."

"ನೀವು ಸುಮ್ಮನ ಕುಂಡ್ರಿ. ಎರಡನೇ ದಿನಕ್ಕ ರೊಟ್ಟಿ ಎಲ್ಲಿ ಅಂತ ನೀವ ಕೇಳವರು" ಅಂದು ಆಂಟಿ ನನ್ನ ಕಡೆ ತಿರುಗಿದರು. "ನೀ ಬರದದ್ದು ಛಲೋ ಆತವ್ವಾ. ಇಲ್ಲಾಂದ್ರ ನನಗ ಹೆಂಗ ಗೊತ್ತಾಗಬೇಕಿತ್ತು?"

ಮಗಳು ಆನ್ ಆರ್ಬರ್‌ನಿಂದ ಬಂದಿದ್ದಳು. ಬಟ್ಟೆ ಡ್ರೈಯರ್‌ಗೆ ಹಾಕಬೇಕು, ಬನ್ನಿ ಎಂದು ನನ್ನನ್ನು ಬೇಸ್‌ಮೆಂಟಿಗೆ ಕರೆದಳು. ಡ್ರೈಯರ್ ಹತ್ತಿರ ಹೋಗಲೇ ಇಲ್ಲ. ಫೋನ್ ತೆಗೆದು ಒಂದು ವಿಡಿಯೋ ಹಚ್ಚಿದಳು. ಬಿಸಿಲು ಬಿದ್ದ ಒಂದು ಅಡುಗೆಮನೆ, ಕತ್ತರಿಸಿದ ಗಿಡ್ಡ ಕೂದಲಿನ ಹೆಂಗಸು, ಅವಳ ಮುಂದೆ ಇನ್ನೂ ಬೆಲೆಯ ಚೀಟಿ ಅಂಟಿಕೊಂಡಿದ್ದ ಕಲ್ಲಿನ ಕುಟ್ಟಾಣಿ. ಏನೋ ಹೇಳುತ್ತಾ ಕುಟ್ಟಾಣಿಯನ್ನು ಕ್ಯಾಮೆರಾದ ಹತ್ತಿರ ತಂದು, ಒಳಗೆ ಏನೂ ಇಲ್ಲ ನೋಡಿ ಎನ್ನುವಂತೆ ಓರೆ ಮಾಡಿ ತೋರಿಸಿದಳು.

"ಅವನ ಅಮ್ಮ" ಅಂದಳು ಮಗಳು. "ಹಳೇದ್ರಲ್ಲಿ ಫಿಶ್ ಸ್ಮೆಲ್ ಹೋಗಲ್ಲ ಅಂತ ಹೊಸದು ತಗೊಂಡಿದಾರೆ. ಒಂದು ತಿಂಗಳಿಂದ ನಮ್ಮ ಊಟ ಪ್ರಾಕ್ಟೀಸ್ ಮಾಡ್ತಿದಾರೆ. ಈರುಳ್ಳಿ ತಿಂತಾರಾ, ಮೊಟ್ಟೆ ತಿಂತಾರಾ ಅಂತ ದಿನಾ ಅವನಿಗೆ ಕಾಲ್. ಇಲ್ಲಿ ಅಮ್ಮ ನಿಮ್ಮ ಸೆವೆಂತ್ ಪಾಯಿಂಟ್ ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಹಾಕಿದಾರೆ. ಹೋಟೆಲಲ್ಲಿ ರೊಟ್ಟಿ ತಿಂದು ಹೋಗ್ತಾರಂತೆ. ಅವರ ಮನೇಲಿ ನೀರು ಮಾತ್ರ." ಆಮೇಲೆ ಇಂಗ್ಲಿಷಿಗೆ ಹೊರಳಿ, ಅಲ್ಲಿ ನಿಜವಾಗಿಯೂ ನಿಮಗೆ ತಿನ್ನಲು ಏನೂ ಸಿಗಲಿಲ್ಲವೇ ಎಂದು ಕೇಳಿದಳು.

ಸಿಗಲಿಲ್ಲ ಎನ್ನಲು ಬಾಯಿ ತೆರೆದೆ. ಪಾಟ್‌ಲಕ್‌ಗಳಲ್ಲಿ ಹೇಳುವ ಮೊದಲ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಖಾಲಿ ಕುಟ್ಟಾಣಿಯನ್ನು ನೋಡಿದ ಮೇಲೆ ಅದು ಹೊರಡಲಿಲ್ಲ. ಕುಟ್ಟಾಣಿಯೊಂದನ್ನು ಮೂಗಿನ ಹತ್ತಿರ ಹಿಡಿದಿದ್ದೆ, ನಾನು, ಎಲ್ಲೋ. ಒಂದು ನಿಮಿಷ ಬಂದೆ ಎಂದು ಹೇಳಿ ಮೇಲೆ ಹೋಗಿ, ಡ್ರೈವ್‌ವೇಯಲ್ಲಿ ಹಿಮ ಎತ್ತಿಹಾಕುತ್ತಿದ್ದ ಗಂಡನ ಹತ್ತಿರ ಹೋದೆ.

"ಲೋಯಿಯಲ್ಲಿ ನಾವು ಉಳ್ಕೊಂಡಿದ್ದ ಮನೆಯಾಕೆ ನಮಗೆ ಅಡುಗೆ ಮಾಡಿದ್ರಾ?"

ಅವನು ಸಲಿಕೆಗೆ ಒರಗಿ ನಿಂತ. "ಮಾಡಿದ್ರಲ್ಲ. ಬಿದಿರು ಬುಟ್ಟೀಲಿ ಅಂಟಂಟು ಅನ್ನ, ಬೇಯಿಸಿದ ಕುಂಬಳಕಾಯಿ, ಎಳ್ಳು ಉಪ್ಪು ಕುಟ್ಟಿದ್ದು. ನಾನು ಎರಡು ಸಲ ಹಾಕಿಸ್ಕೊಂಡು ತಿಂದೆ."

"ನಾನು?"

"ನೀನು ಕುಟ್ಟಾಣಿ ಮೂಸಿ, ಹೊಟ್ಟೆ ಸರಿ ಇಲ್ಲ ಅಂತ ಆಕ್ಟಿಂಗ್ ಮಾಡಿದೆ. ಪಾಪ, ಆಕೆ ಹೋಗಿ ಬಾಳೆಹಣ್ಣು ತಂದ್ರು."

"ಮತ್ತೆ ಇಷ್ಟು ವರ್ಷ ನಾನು ಕಥೆ ಹೇಳುವಾಗ ಸುಮ್ನೆ ಇದ್ದೆಯಲ್ಲ!"

"ಚೆನ್ನಾಗಿ ಹೇಳ್ತಿದ್ದೆ. ಯಾಕೆ ಕೆಡಿಸೋದು ಅಂತ."

ಅಲ್ಲಿ ಹಿಮದಲ್ಲಿ ನಿಂತಾಗ ಬಂದ ಚಿತ್ರ ಇದು. ನೆಲದ ಮೇಲೆ ಚಾಪೆ, ಸೊಳ್ಳೆಪರದೆಯಂಥ ಜಾಲರಿ ಮುಚ್ಚಿದ ತಟ್ಟೆಗಳು, ಎದುರಿಗೆ ಮನೆಯಾಕೆ. ಆಕೆಗೆ ಸಸ್ಯಾಹಾರ ಅರ್ಥವಾಗಿತ್ತು. "ಜೇ, ಜೇ" ಎಂದು ಎರಡು ಸಲ ಹೇಳಿದ್ದಳು, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಊಟಕ್ಕೆ ಅವರು ಹೇಳುವ ಮಾತು ಅದು. ನಾನು ಹೊಟ್ಟೆಯ ಮೇಲೆ ಕೈಯಿಟ್ಟು ತಲೆಯಾಡಿಸಿದೆ. ಆಕೆ ತಟ್ಟೆಯ ಮೇಲೆ ಮತ್ತೆ ಜಾಲರಿ ಮುಚ್ಚಿದಳು. ಈ ಚಿತ್ರದಲ್ಲಿ ಎಷ್ಟು ನನ್ನದು, ಎಷ್ಟು ಆಗಷ್ಟೇ ಗಂಡ ಹೇಳಿದ ಮಾತಿನಿಂದ ಕಟ್ಟಿಕೊಂಡದ್ದು ಎಂದು ಪ್ರಮಾಣ ಮಾಡಿ ಹೇಳಲಾರೆ. ಜಾಲರಿಯ ಬಣ್ಣ ನನಗೆ ನೀಲಿ. ಅವನಿಗೆ ಜಾಲರಿಯ ನೆನಪೇ ಇಲ್ಲ. ಆದರೆ ನಾನು ಕಥೆ ಮಾಡಿ ನಗಿಸಿದ ಬಾಳೆಹಣ್ಣು ಆಕೆ ತಂದುಕೊಟ್ಟದ್ದು ಎಂಬ ಬಗ್ಗೆ ಇಬ್ಬರಿಗೂ ಅನುಮಾನ ಉಳಿಯಲಿಲ್ಲ.

ಒಳಗೆ ಹೋಗಿ ಆಂಟಿಯ ಎದುರು ಕೂತೆ. "ಆಂಟಿ, ಏಳನೇದು ತಪ್ಪು."

"ಏನು ತಪ್ಪು?"

"ಊಟದ್ದು. ನಮಗೆ ಸಿಕ್ಕಿತ್ತು. ಮನೆಯಾಕೆ ಅಂಟಂಟು ಅನ್ನ, ಕುಂಬಳಕಾಯಿ ಮಾಡಿ ಕೊಟ್ಟಿದ್ರು. ನಾನೇ ತಿನ್ನಲಿಲ್ಲ. ಆಮೇಲೆ ಎಲ್ಲರಿಗೂ ಸಿಗಲಿಲ್ಲ ಅಂತ ಹೇಳ್ಕೊಂಡು ಬಂದೆ."

ಆಂಟಿಯ ಕೈಯಲ್ಲಿದ್ದ ರೊಟ್ಟಿ ಡಬ್ಬಿಗೂ ಹೋಗಲಿಲ್ಲ, ಟೇಬಲಿಗೂ ಬರಲಿಲ್ಲ. "ನಿನ್ನ ಮಾತು ಕೇಳಿ ನಾ ಎಂಬತ್ತು ರೊಟ್ಟಿ ಬಡದೀನಿ!"

ಅಂಕಲ್ ನಕ್ಕುಬಿಟ್ಟರು. ಮಗಳು ಬೇಸ್‌ಮೆಂಟಿನ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದಳು, ನಗಲಿಲ್ಲ. ಇನ್ನು ಆಂಟಿ ಸಡಿಲವಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. ಕಟ್ಟುತ್ತಿದ್ದ ಡಬ್ಬಿಯನ್ನು ಮುಚ್ಚಿ, ಇನ್ನೊಂದು ಎಳೆದುಕೊಂಡು, ಮೊದಲಿನ ಹಾಗೆಯೇ ತುಂಬತೊಡಗಿದರು.

"ಸಿಗತೈತಿ ಅಂತಿದಾಳಲ್ಲ, ಮತ್ಯಾಕ ತುಂಬಾಕತ್ತಿ?" ಅಂಕಲ್ ಕೇಳಿದರು.

"ಸಿಗಲಿ."

"ಮಾಮ್" ಅಂದಳು ಮಗಳು.

ಆಂಟಿ ಯಾರ ಮುಖವನ್ನೂ ನೋಡದೆ ಹೇಳಿದರು: "ನಮ್ಮ ಕಡೆ ಮನೆತನ ನೋಡಾಕ ಹೋದವರು ಚಾ ಕುಡೀತಾರ, ಅವಲಕ್ಕಿ ತಿಂತಾರ. ಊಟಕ್ಕ ಕುಂಡ್ರೂದಿಲ್ಲ. ಉಂಡ್ರ ಹೂಂ ಅಂದಂಗ. ಉಂಡು ಎದ್ದು ಬಂದು ಆಮ್ಯಾಲೆ ಒಲ್ಲೆ ಅನ್ನಾಕ ಬರೂದಿಲ್ಲ. ಇಕಿ ಕಾಗದ ಬರದ್ಲು, ನನಗ ಹಗೂರಾತು. ಅಲ್ಲಿ ಉಣ್ಣಾಕ ಏನೂ ಇಲ್ಲಂದ್ರ ಉಣ್ಣಲಿಲ್ಲ ಅಂತ ಯಾರೂ ಅನ್ನೂದಿಲ್ಲ."

ಅಂದರೆ ನನ್ನ ಏಳನೆಯ ಸಲಹೆ ಅವರಿಗೆ ಸಲಹೆಯೇ ಆಗಿರಲಿಲ್ಲ. ಒಂದು ಮರೆ. ಅದರ ಹಿಂದೆ ಕೂತು ಆ ಮನೆಯನ್ನು ಸಾವಕಾಶವಾಗಿ ನೋಡಬಹುದಿತ್ತು, ಯಾರಿಗೂ ನೋವಾಗದಂತೆ. ನಿಜ ಹೇಳಿ ನಾನು ಆ ಮರೆಯನ್ನು ಕಿತ್ತಿದ್ದೆ. ಒಳ್ಳೆಯದು ಮಾಡಿದೆನೋ ಕೆಟ್ಟದ್ದೋ ಅವತ್ತು ತಿಳಿಯಲಿಲ್ಲ.

"ಅವರಿಗೆ ಈ ರೂಲ್ ಗೊತ್ತಿಲ್ಲ ಮಾಮ್" ಅಂದಳು ಮಗಳು. "ಅವರು ನೀವು ಊಟ ಇಷ್ಟ ಆಗಿಲ್ಲ ಅಂದ್ಕೋತಾರೆ. ತಮ್ಮ ಮನೆ ಕ್ಲೀನ್ ಇಲ್ಲ ಅಂದ್ಕೋತಾರೆ."

"ಅವರಿಗೆ ಗೊತ್ತಿಲ್ಲ. ನನಗ ಗೊತ್ತೈತೆಲ್ಲಾ."

ಆಂಟಿ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿದರು. ಊಟಕ್ಕೆ ಬಡಿಸಿದರು. ನಾವು ಉಂಡೆವು. ಹೊರಡುವಾಗ ಆಂಟಿ ಕಾರಿನವರೆಗೆ ಬಂದು, ಕಿಟಕಿ ಇಳಿಸು ಎಂದು ಸನ್ನೆ ಮಾಡಿ ಕೇಳಿದರು: "ಆ ಅನ್ನ ಹೆಂಗ ತಿಂತಾರ? ಚಮಚಾದಾಗ?"

"ಕೈಯಲ್ಲಿ ಆಂಟಿ. ಚಿಕ್ಕ ಉಂಡೆ ಮಾಡಿ, ಅದರಲ್ಲೇ ಪಲ್ಯ ಒತ್ತಿಕೊಂಡು" ಎಂದು ನನ್ನ ಗಂಡ ಈ ಕಡೆಯಿಂದ ಬಾಗಿ ಹೇಳಿದ. ಆಂಟಿ ತಲೆಯಾಡಿಸಿ ಒಳಗೆ ಹೋದರು.

ಅವರು ಹೋದರು, ಬಂದರು. ಹೋದ ಮೇಲೆ ಅಲ್ಲಿಂದ ಒಂದು ಮೆಸೇಜೂ ಇಲ್ಲ. ನಾನಾಗಿ ಕೇಳುವ ಧೈರ್ಯ ಆಗಲಿಲ್ಲ. ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಆಂಟಿ ಫೋನ್ ಮಾಡಿದರು. ಶುರು ಮಾಡಿದ್ದು ನನ್ನ ಸಲಹೆಗಳ ತಪ್ಪು ಹಿಡಿಯುವುದರಿಂದ. ಒಂದಲ್ಲ, ಎರಡು ಸ್ವೆಟರ್ ಬೇಕು. ಡ್ರೈವರ್ ಒಳ್ಳೆಯವನಿದ್ದ, ಆದರೆ ಹಾದಿಯಲ್ಲಿ ಪೊಲೀಸರು ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಸಿಗ್ನಲ್ ಬೆಟ್ಟದ ಮೇಲೂ ಇದೆ, ರಾಚೆಸ್ಟರ್ ಹಿಲ್ಸ್‌ನ ತಮ್ಮ ಬಡಾವಣೆಗಿಂತ ಜೋರು. ಮನೆ ಮರದ್ದು, ಕಂಬದ ಮೇಲೆ ನಿಂತದ್ದು, ಕೆಳಗೆ ಹೊಲಿಗೆ ಮಿಷನ್ನು, ಹತ್ತಿಯ ರಾಶಿ. ಹುಡುಗನ ತಾಯಿಯ ಅಕ್ಕ, ಮಂಚದಲ್ಲಿ ಮಲಗಿದ್ದವಳು, ಆಂಟಿಯ ಕೈ ಹಿಡಿದು ಬಿಡಲೇ ಇಲ್ಲವಂತೆ. ನಾನು ಹೂಂ ಹೂಂ ಅನ್ನುತ್ತಾ ಕಾಯುತ್ತಿದ್ದೆ.

"ಊಟ ಆಂಟಿ?" ಕೊನೆಗೂ ಕೇಳಿದೆ.

ಇಲ್ಲಿ ಮೂರು ಹೇಳಿಕೆಗಳಿವೆ. ನಿಮ್ಮ ಆಂಟಿ ಮೊದಲ ದಿನವೇ, ಕರೆಯುವ ಮೊದಲೇ ಊಟದ ಚಾಪೆಯ ಮೇಲೆ ಹೋಗಿ ಕೂತಳು ಎಂದು ಆಮೇಲೆ ಅಂಕಲ್ ಹೇಳಿದರು. ಮೂರನೆಯ ದಿನ, ಅದೂ ಬರಿಯ ಅನ್ನ ಎಂದು ಮಗಳು ಬರೆದಳು. ಯಾವುದು ಸರಿ ಎಂದು ವಿಚಾರಿಸುವ ಗೋಜಿಗೆ ನಾನು ಹೋಗಿಲ್ಲ. ಆಂಟಿ ಫೋನಿನಲ್ಲಿ ಹೇಳಿದ್ದನ್ನು ಮಾತ್ರ ಹಾಗೆಯೇ ಬರೆಯುತ್ತೇನೆ, ಅದೂ ಹಾಗೆಯೇ ಇದೆಯೆಂದು ನಂಬಿ.

"ಎರಡ ದಿನಾ ನೀರು ಕುಡದು ಕುಂತೆ. ಹುಡುಗನ ತಾಯಿ ಬಡಿಸಾಕಿ, ಕಾಯಾಕಿ, ತಗದಿಡಾಕಿ. ಮೂರನೇ ದಿನ ನಾ ಒಳಗ ಹೋಗಿ ನೋಡ್ತೀನಿ, ಆಕೀನೂ ಉಂಡಿದ್ದಿಲ್ಲವ್ವಾ. ಬಂದವರು ಉಣ್ಣದ ತಾನು ಹೆಂಗ ಉಣಬೇಕಂತ. ಎರಡೂ ದಿನ. ಅಕ್ಕಗ ತಿನಿಸಿ ತಾನು ಬರೇ ಚಾ. ಏನ್ ಮಾಡ್ಲಿ? ಕುಂತೆ."

"ಏನೇನ್ ಮಾಡಿದ್ರು ಆಂಟಿ?"

"ಅದನ್ನೇನ್ ಕೇಳ್ತಿ. ಒಂದು ತುತ್ತು ಬಾಯಾಗ ಇಟ್ಟೆ. ಇಕಿ ನೋಡಾಕತ್ತಿದ್ಲು, ನನ್ನ ಮಗಳು. ನಾ ತುತ್ತು ನುಂಗೂದ ತಡಾ, ಎದ್ದು ಹೊರಗ ಹೋದ್ಲು. ಆ ಹುಡುಗನೂ ಹಿಂದ ಹೋದ. ಇವರು ತಲಿ ತಗ್ಗಿಸಿ ಉಣ್ಣಾಕತ್ತಿದ್ರು, ಕಣ್ಣು ಒರಸ್ಕೊಂತ. ಆಕಿ ಒಬ್ಬಾಕಿಗೆ ಏನೂ ತಿಳೀಲಿಲ್ಲ, ಪಾಪ. ಖಾರ ಆತೇನಂತ ಅಂಜಿ ಇನ್ನಷ್ಟು ಅನ್ನ ಹಾಕಿದ್ಲು."